ಈಮ್ಯಾಕ್ಸ್ ಶುರುವಾಗುವಾಗ ಒಳಗೆ ನಡೆಯುವುದೇನು: ಇನಿಟ್ ಫೈಲನ್ನು ಹಗುರ ಮಾಡುವ ಸಮಗ್ರ ಮಾರ್ಗದರ್ಶಿ

ಈಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್ ಬಳಸುವ ಹೆಚ್ಚಿನವರ ಇನಿಟ್ ಫೈಲ್, ಅಂದರೆ ಶುರುವಾಗುವಾಗ ಅದು ಓದುವ ಸೆಟ್ಟಿಂಗ್‌ಗಳ ಫೈಲ್, ಒಂದೇ ರೀತಿ ಬೆಳೆಯುತ್ತದೆ. ಮೊದಲು ಹತ್ತು ಸಾಲು. ಆಮೇಲೆ ಬೇರೆಯವರ ಕಾನ್ಫಿಗ್‌ನಿಂದ ಎತ್ತಿಕೊಂಡ ಒಂದಿಷ್ಟು. ಒಂದು ಥೀಮ್, ನಾಲ್ಕಾರು ಪ್ಯಾಕೇಜ್, ಯಾಕೆ ಹಾಕಿದ್ದು ಅಂತ ಈಗ ನೆನಪೇ ಇಲ್ಲದ ಹತ್ತಾರು ಸೆಟ್ಟಿಂಗ್. ಕೊನೆಗೆ ಎಡಿಟರ್ ತೆರೆದುಕೊಳ್ಳಲು ಐದಾರು ಸೆಕೆಂಡ್ ಹಿಡಿಯುತ್ತದೆ. ಆಗ ಹುಡುಕಿದರೆ ಸಿಗುವ ಸಲಹೆ ಹೆಚ್ಚಾಗಿ ಒಂದೇ: ಗಾರ್ಬೇಜ್ ಕಲೆಕ್ಷನ್ (ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಕೆಲಸ) ಮಿತಿ ಜಾಸ್ತಿ ಮಾಡಿ. ಮಾಡಿ ನೋಡುತ್ತೇವೆ, ಅರ್ಧ ಸೆಕೆಂಡ್ ಉಳಿಯುತ್ತದೆ, ಉಳಿದದ್ದು ಹಾಗೇ ಇರುತ್ತದೆ.

ನನ್ನ ಪ್ರಕಾರ ಈ ಕೆಲಸದಲ್ಲಿ ಕೇಳಬೇಕಾದ ಪ್ರಶ್ನೆ "ಹೇಗೆ ಬೇಗ ಲೋಡ್ ಮಾಡಲಿ" ಅನ್ನುವುದಲ್ಲ. "ಇದನ್ನು ಈಗಲೇ ಲೋಡ್ ಮಾಡು ಅಂತ ಹೇಳಿದವರು ಯಾರು" ಅನ್ನುವುದು. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಒಂದು ಮಾತು: ಇಲ್ಲಿ ಕಮಾಂಡ್, ವೇರಿಯಬಲ್, ಫೈಲ್ ಹೆಸರುಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವಿನ ಅಡ್ಡಗೆರೆಗಳನ್ನು ಬಿಡದೆ ಹಾಕಿ. ಎಂ-ಎಕ್ಸ್ (ಆಲ್ಟ್ ಹಿಡಿದು ಎಕ್ಸ್) ಒತ್ತಿ ಮೊದಲ ಕೆಲವು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಈಮ್ಯಾಕ್ಸೇ ತುಂಬುತ್ತದೆ.

ಹಂತ 1: ಓದುತ್ತಿರುವುದು ಯಾವ ಫೈಲ್?

ಸುಮ್ನೆ ಕೇಳುತ್ತಿರುವ ಪ್ರಶ್ನೆ ಅಲ್ಲ ಇದು. ಈಮ್ಯಾಕ್ಸ್ ನಿಮ್ಮ ಕಾನ್ಫಿಗ್‌ಗಾಗಿ ಒಂದಕ್ಕಿಂತ ಹೆಚ್ಚು ಜಾಗಗಳಲ್ಲಿ ಹುಡುಕುತ್ತದೆ. ಹೋಮ್ ಫೋಲ್ಡರಿನಲ್ಲಿ ನೇರವಾಗಿ ಇರುವ .ಈಮ್ಯಾಕ್ಸ್ ಅಥವಾ .ಈಮ್ಯಾಕ್ಸ್.ಇಎಲ್ ಫೈಲ್ ಒಂದು. .ಈಮ್ಯಾಕ್ಸ್.ಡಿ ಫೋಲ್ಡರಿನ ಒಳಗಿನ ಇನಿಟ್.ಇಎಲ್ ಇನ್ನೊಂದು. 2020ರಲ್ಲಿ ಬಂದ 27.1 ಆವೃತ್ತಿಯಿಂದ .ಕಾನ್ಫಿಗ್ ಫೋಲ್ಡರಿನ ಒಳಗಿನ ಈಮ್ಯಾಕ್ಸ್ ಫೋಲ್ಡರಿಗೂ ಅವಕಾಶ ಇದೆ. ಹಳೆಯ ಜಾಗಗಳಲ್ಲಿ ಏನಾದರೂ ಇದ್ದರೆ ಹೊಸ ಜಾಗವನ್ನು ಅದು ನೋಡುವುದಿಲ್ಲ.

ಇದರಿಂದ ಒಂದು ತಮಾಷೆಯ ತೊಂದರೆ ಬರುತ್ತದೆ. ಯಾವಾಗಲೋ ಉಳಿದುಹೋದ ಒಂದು .ಈಮ್ಯಾಕ್ಸ್ ಫೈಲ್ ಹೋಮ್ ಫೋಲ್ಡರಿನಲ್ಲಿ ಕೂತಿರುತ್ತದೆ. ನೀವು ಇನಿಟ್.ಇಎಲ್ ತಿದ್ದುತ್ತಾ ಹೋಗುತ್ತೀರಿ, ಏನೂ ಬದಲಾಗುವುದಿಲ್ಲ. ಹಾಗಾಗಿ ಮೊದಲ ಕೆಲಸ: ಕಂಟ್ರೋಲ್-ಎಚ್ ಒತ್ತಿ, ನಂತರ ವಿ ಒತ್ತಿ, ಯೂಸರ್-ಇನಿಟ್-ಫೈಲ್ ಎಂಬ ವೇರಿಯಬಲ್ ನೋಡಿ. ನಿಜವಾಗಿ ಓದಿದ ಫೈಲಿನ ವಿಳಾಸ ಅಲ್ಲಿರುತ್ತದೆ.

ಹಂತ 2: ಕ್ರಮ ತಿಳಿದುಕೊಳ್ಳಿ

ಯಾವುದರ ನಂತರ ಯಾವುದು ಅಂತ ಗೊತ್ತಿಲ್ಲದೆ ಸಾಲುಗಳನ್ನು ಆಚೀಚೆ ಮಾಡಿ ಪ್ರಯೋಜನ ಇಲ್ಲ. ಕ್ರಮ ಸುಮಾರಾಗಿ ಹೀಗಿದೆ.

ಈಮ್ಯಾಕ್ಸ್‌ನ ತಿರುಳು ಸಿ ಭಾಷೆಯಲ್ಲಿದೆ, ಆದರೆ ಎಡಿಟರಿನ ಬಹುಪಾಲು ಬರೆದಿರುವುದು ಲಿಸ್ಪ್‌ನಲ್ಲಿ. ಅಷ್ಟನ್ನೂ ಪ್ರತಿ ಸಲ ಓದುತ್ತಾ ಕೂತರೆ ತಡವಾಗುತ್ತದೆ. ಅದಕ್ಕೇ ತಯಾರಿಸುವ ಹಂತದಲ್ಲೇ ಮುಖ್ಯವಾದ ಲಿಸ್ಪ್ ಫೈಲುಗಳನ್ನೆಲ್ಲ ಲೋಡ್ ಮಾಡಿ, ಆಗಿನ ಮೆಮೊರಿಯ ಸ್ಥಿತಿಯನ್ನು ಒಂದು ಡಂಪ್ ಫೈಲಿಗೆ ಬರೆದಿಟ್ಟಿರುತ್ತಾರೆ. ಶುರುವಾಗುವಾಗ ಆ ಡಂಪ್ ನೇರವಾಗಿ ಮೆಮೊರಿಗೆ ಬರುತ್ತದೆ. ಈಗ ಬಳಕೆಯಲ್ಲಿರುವ ಪೋರ್ಟಬಲ್ ಡಂಪರ್ ಕೂಡ 27.1ರಲ್ಲೇ ಬಂದದ್ದು. ಯಾವ ಕಾನ್ಫಿಗ್ಗೂ ಇಲ್ಲದ ಬರಿಯ ಈಮ್ಯಾಕ್ಸ್ ಥಟ್ಟನೆ ತೆರೆದುಕೊಳ್ಳುವುದು ಇದರಿಂದಲೇ.

ಇದಾದ ಮೇಲೆ ಈಮ್ಯಾಕ್ಸ್ ಕಮಾಂಡ್ ಸಾಲಿನ ಮುಖ್ಯ ಆಯ್ಕೆಗಳನ್ನು ನೋಡಿಕೊಂಡು ಅರ್ಲಿ-ಇನಿಟ್.ಇಎಲ್ ಫೈಲ್ ಓದುತ್ತದೆ. ಆಗ ವಿಂಡೋ ಇನ್ನೂ ಮೂಡಿರುವುದಿಲ್ಲ. ನಂತರ ನೀವು ಇನ್‌ಸ್ಟಾಲ್ ಮಾಡಿರುವ ಪ್ಯಾಕೇಜುಗಳನ್ನೆಲ್ಲ ಆಕ್ಟಿವೇಟ್ ಮಾಡುತ್ತದೆ. ಆಕ್ಟಿವೇಟ್ ಅಂದರೆ ಲೋಡ್ ಅಲ್ಲ, ಇದು ನೆನಪಿರಲಿ. ಪ್ರತಿ ಪ್ಯಾಕೇಜಿನ ಫೋಲ್ಡರನ್ನು ಲೋಡ್-ಪಾತ್‌ಗೆ (ಲಿಸ್ಪ್ ಫೈಲುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಸೇರಿಸಿ, ಅದರ ಆಟೋಲೋಡ್ ಫೈಲ್ (ಏನದು ಅಂತ ಐದನೆಯ ಹಂತದಲ್ಲಿದೆ) ಓದುವುದು ಅಷ್ಟೇ. ಆಮೇಲೆ ವಿಂಡೋ ಸಿಸ್ಟಮ್ ತಯಾರಾಗುತ್ತದೆ, ಬಿಫೋರ್-ಇನಿಟ್-ಹುಕ್ ಓಡುತ್ತದೆ (ಹುಕ್ ಅಂದರೆ ಒಂದು ಘಟ್ಟದಲ್ಲಿ ತಾನಾಗಿ ಓಡುವ ಫಂಕ್ಷನ್‌ಗಳ ಪಟ್ಟಿ). ಕಂಪ್ಯೂಟರಿನ ನಿರ್ವಾಹಕರು ಎಲ್ಲರಿಗಾಗಿ ಸೈಟ್-ಸ್ಟಾರ್ಟ್ ಎಂಬ ಫೈಲ್ ಇಟ್ಟಿದ್ದರೆ ಅದರ ಸರದಿ. ನಂತರ ನಿಮ್ಮ ಇನಿಟ್.ಇಎಲ್. ಅದಾದ ಮೇಲೆ ಡೀಫಾಲ್ಟ್ ಹೆಸರಿನ ಫೈಲ್ ಇದ್ದರೆ ಅದು.

ಇನ್ನೂ ಮುಗಿಯಲಿಲ್ಲ. ಆಫ್ಟರ್-ಇನಿಟ್-ಹುಕ್ ಓಡುತ್ತದೆ. ಸ್ಕ್ರ್ಯಾಚ್ ಬಫರ್, ಅಂದರೆ ತೆರೆದ ಕೂಡಲೇ ಸಿಗುವ ಕರಡು ಪುಟ, ತನ್ನ ಮೋಡ್‌ಗೆ (ಆ ಬಗೆಯ ಪಠ್ಯಕ್ಕೆ ತಕ್ಕ ವರ್ತನೆ) ಹೋಗುತ್ತದೆ. ಕಮಾಂಡ್ ಸಾಲಿನಲ್ಲಿ ಕೊಟ್ಟ ಫೈಲುಗಳು ತೆರೆಯುತ್ತವೆ. ಈಮ್ಯಾಕ್ಸ್-ಸ್ಟಾರ್ಟಪ್-ಹುಕ್ ಓಡುತ್ತದೆ, ಕೊನೆಗೆ ವಿಂಡೋ-ಸೆಟಪ್-ಹುಕ್.

ಹಳೆಯ ಕಾನ್ಫಿಗ್ ಇದ್ದವರು ಇಲ್ಲೇ ಒಂದು ಸಾಲು ಅಳಿಸಬಹುದು. ಇನಿಟ್.ಇಎಲ್‌ನ ಮೇಲ್ಭಾಗದಲ್ಲಿ ಪ್ಯಾಕೇಜ್-ಇನಿಶಿಯಲೈಸ್ ಅಂತ ಬರೆದಿದೆಯಾ ನೋಡಿ. 27ರಿಂದ ಈಚೆಗೆ ಈಮ್ಯಾಕ್ಸ್ ಆ ಕೆಲಸವನ್ನು ತಾನೇ ಮೊದಲೇ ಮಾಡಿರುತ್ತದೆ. ಅದೇ ಕೆಲಸ ಎರಡು ಸಲ ಯಾಕೆ?

ಹಂತ 3: ಅಳತೆ ಮಾಡಿ, ಆದರೆ ಅಳತೆಯನ್ನು ಪೂರ್ತಿ ನಂಬಬೇಡಿ

ಎಂ-ಎಕ್ಸ್ ಈಮ್ಯಾಕ್ಸ್-ಇನಿಟ್-ಟೈಮ್ ಕೊಟ್ಟರೆ ಶುರುವಾಗಲು ಹಿಡಿದ ಸಮಯ ಸೆಕೆಂಡುಗಳಲ್ಲಿ ಕಾಣುತ್ತದೆ. ಎಲ್ಲರೂ ಹೇಳಿಕೊಳ್ಳುವ ಸಂಖ್ಯೆ ಇದೇ. ಇದರಲ್ಲಿ ಒಂದು ಕಂತು ತಪ್ಪಿಹೋಗುತ್ತದೆ: ಗಡಿಯಾರ ನಿಲ್ಲುವುದು ಆಫ್ಟರ್-ಇನಿಟ್-ಹುಕ್ ಓಡುವುದಕ್ಕೆ ಮುಂಚೆ. ಅಂದರೆ ಹತ್ತು ಪ್ಯಾಕೇಜುಗಳನ್ನು ಇನಿಟ್ ಫೈಲಿನಿಂದ ತೆಗೆದು ಆ ಹುಕ್‌ಗೆ ತಗುಲಿಸಿದರೆ ಸಂಖ್ಯೆ ಸೊಗಸಾಗಿ ಇಳಿಯುತ್ತದೆ. ನೀವು ಕಾಯುವ ಸಮಯ ಮಾತ್ರ ಅಷ್ಟೇ ಇರುತ್ತದೆ. "ನನ್ನದು 0.2 ಸೆಕೆಂಡ್" ಅನ್ನುವ ಹೆಮ್ಮೆಯ ಕೆಲವು ಕಾನ್ಫಿಗ್‌ಗಳ ಗುಟ್ಟು ಇದೇ. ತೆರೆದಿದ್ದ ಫೈಲುಗಳನ್ನೆಲ್ಲ ಮತ್ತೆ ತೆರೆಯುವ ಡೆಸ್ಕ್‌ಟಾಪ್-ಸೇವ್-ಮೋಡ್ ಕೂಡ ಈ ಹುಕ್‌ನಲ್ಲೇ ಕೆಲಸ ಮಾಡುವುದರಿಂದ ಅದರ ಭಾರವೂ ಲೆಕ್ಕಕ್ಕೆ ಸಿಗುವುದಿಲ್ಲ.

ಹೆಚ್ಚು ಪ್ರಾಮಾಣಿಕ ಅಳತೆ ಟರ್ಮಿನಲ್‌ನಲ್ಲಿ ಸಿಗುತ್ತದೆ. ಟೈಮ್ ಕಮಾಂಡಿನ ಮುಂದೆ ಈಮ್ಯಾಕ್ಸ್, ಅದರ ಮುಂದೆ -ಎಫ್ ಕಿಲ್-ಈಮ್ಯಾಕ್ಸ್ ಅಂತ ಕೊಡಿ. ಈಮ್ಯಾಕ್ಸ್ ತೆರೆದು, ಆಫ್ಟರ್-ಇನಿಟ್-ಹುಕ್ ಮುಗಿಸಿ, ತಾನೇ ಮುಚ್ಚಿಕೊಳ್ಳುತ್ತದೆ. ಮೊದಲ ಸಲದ ಸಂಖ್ಯೆಯನ್ನು ಬಿಟ್ಟುಬಿಡಿ. ಫೈಲುಗಳು ಆಗ ಡಿಸ್ಕಿನಿಂದ ಬರುತ್ತಿರುತ್ತವೆ. ಎರಡು ಮೂರನೆಯ ಸಲದ್ದನ್ನು ಬರೆದಿಟ್ಟುಕೊಳ್ಳಿ.

ಇನ್ನೊಂದು ಸಂಖ್ಯೆಯೂ ಬೇಕು. ದೊಡ್ಡಕ್ಷರದ -ಕ್ಯೂ ಆಯ್ಕೆ ಕೊಟ್ಟು ಅದೇ ಅಳತೆ ಮಾಡಿ. ಆಗ ನಿಮ್ಮ ಇನಿಟ್ ಫೈಲ್, ಸೈಟ್-ಸ್ಟಾರ್ಟ್ ಯಾವುದೂ ಓದುವುದಿಲ್ಲ. ಇದು ನಿಮ್ಮ ನೆಲ. ಇದಕ್ಕಿಂತ ಹೆಚ್ಚೇನೂ ಕೆಳಗೆ ಇಳಿಯಲು ಆಗುವುದಿಲ್ಲ. ಸಣ್ಣಕ್ಷರದ -ಕ್ಯೂ ಬೇರೆ, ಅದು ನಿಮ್ಮ ಇನಿಟ್ ಫೈಲನ್ನು ಬಿಡುತ್ತದೆ, ಆದರೆ ಸೈಟ್-ಸ್ಟಾರ್ಟ್ ಓದುತ್ತದೆ. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ನಿಧಾನ ನಿಮ್ಮ ಫೈಲಿನಲ್ಲಿ ಮಾತ್ರ ಇಲ್ಲ, ಸಿಸ್ಟಮ್‌ನಲ್ಲೂ ಇದೆ.

ಹಂತ 4: ಕರೆದವರು ಯಾರು?

ಪ್ರತಿ ಪ್ಯಾಕೇಜಿನ ಸೆಟ್ಟಿಂಗನ್ನು ಒಂದೊಂದು ಬ್ಲಾಕಿನಲ್ಲಿ ಬರೆಯಲು ನೆರವಾಗುವ ಯೂಸ್-ಪ್ಯಾಕೇಜ್ ಬಳಸುವವರಿಗೆ ದಾರಿ ಸುಲಭ. 2023ರ 29.1 ಆವೃತ್ತಿಯಿಂದ ಅದು ಈಮ್ಯಾಕ್ಸ್ ಜೊತೆಗೇ ಬರುತ್ತದೆ. ಇನಿಟ್ ಫೈಲಿನಲ್ಲಿ, ಮೊದಲ ಯೂಸ್-ಪ್ಯಾಕೇಜ್ ಬ್ಲಾಕಿಗಿಂತ ಮೇಲೆ, ಯೂಸ್-ಪ್ಯಾಕೇಜ್-ಕಂಪ್ಯೂಟ್-ಸ್ಟಾಟಿಸ್ಟಿಕ್ಸ್‌ಗೆ ಟಿ (ಲಿಸ್ಪ್‌ನಲ್ಲಿ "ಹೌದು") ಕೊಡಿ. ಮತ್ತೆ ಶುರು ಮಾಡಿ ಎಂ-ಎಕ್ಸ್ ಯೂಸ್-ಪ್ಯಾಕೇಜ್-ರಿಪೋರ್ಟ್ ಕೊಟ್ಟರೆ ಪ್ರತಿ ಪ್ಯಾಕೇಜಿಗೆ ಹಿಡಿದ ಸಮಯದ ಪಟ್ಟಿ ಬರುತ್ತದೆ. ಯೂಸ್-ಪ್ಯಾಕೇಜ್ ಬಳಸದವರಿಗೆ ಬೆಂಚ್‌ಮಾರ್ಕ್-ಇನಿಟ್ ಅಥವಾ ಈಸಪ್ ಪ್ಯಾಕೇಜ್ ಇದೆ. ಈಸಪ್ ಬೇರೊಂದು ಈಮ್ಯಾಕ್ಸ್ ತೆರೆದು ನಿಮ್ಮ ಇನಿಟ್ ಫೈಲಿನ ಒಂದೊಂದು ತುಣುಕಿಗೆ ಎಷ್ಟು ಹೊತ್ತು ಅಂತ ತೋರಿಸುತ್ತದೆ. ಕೆಲಸ ಮುಗಿದ ಮೇಲೆ ಈ ಅಳತೆಯ ಸಾಲುಗಳನ್ನು ತೆಗೆದುಬಿಡಿ, ಅವಕ್ಕೂ ಸ್ವಲ್ಪ ಖರ್ಚಿದೆ.

ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ಹೆಸರುಗಳು ಉಳಿದವನ್ನೆಲ್ಲ ಮೀರಿ ನಿಂತಿರುತ್ತವೆ. ಟಿಪ್ಪಣಿ, ಯೋಜನೆ ಬರೆಯಲು ಬಳಸುವ ಆರ್ಗ್ ಮೋಡ್ ಅದರಲ್ಲಿ ಒಂದಾಗಿದ್ದರೆ ಆಶ್ಚರ್ಯ ಇಲ್ಲ, ಅದು ದೊಡ್ಡ ಪ್ಯಾಕೇಜ್. ಆದರೆ ನೀವು ಆರ್ಗ್ ಅನ್ನು ಕರೆದೇ ಇಲ್ಲ ಅಲ್ವಾ? ನೀವಲ್ಲದಿದ್ದರೆ ಇನ್ಯಾರೋ ಕರೆದಿದ್ದಾರೆ. ಒಂದು ಪ್ಯಾಕೇಜ್ ಇನ್ನೊಂದನ್ನು ರಿಕ್ವೈರ್ ಮಾಡುತ್ತದೆ (ಈಗಲೇ ಲೋಡ್ ಮಾಡಿಸುತ್ತದೆ), ಅದು ಮತ್ತೊಂದನ್ನು.

ಪ್ಯಾಕೇಜ್ ಲೋಡ್ ಆಗಿದೆಯೋ ಇಲ್ಲವೋ ನೋಡಲು ಫೀಚರ್ಸ್ ಎಂಬ ವೇರಿಯಬಲ್ ಸಾಕು. ಈಮ್ಯಾಕ್ಸ್ ತೆರೆದ ತಕ್ಷಣ, ಬೇರೇನೂ ಮಾಡದೆ, ಕಂಟ್ರೋಲ್-ಎಚ್ ವಿ ಒತ್ತಿ ಫೀಚರ್ಸ್ ಅಂತ ಕೊಡಿ. ಪಟ್ಟಿಯಲ್ಲಿ ಆರ್ಗ್ ಕಂಡರೆ ಸಿಕ್ಕಿಬಿದ್ದಂತೆ. ಕರೆದವರನ್ನು ಹಿಡಿಯಲು ನನಗೆ ಇಷ್ಟವಾದ ಉಪಾಯ ಹೀಗಿದೆ. ಅರ್ಲಿ-ಇನಿಟ್.ಇಎಲ್‌ನಲ್ಲಿ ವಿತ್-ಇವಾಲ್-ಆಫ್ಟರ್-ಲೋಡ್ ಬರೆದು, ಆರ್ಗ್ ಹೆಸರು ಕೊಟ್ಟು, ಒಳಗೆ ಬ್ಯಾಕ್‌ಟ್ರೇಸ್ ಫಂಕ್ಷನ್ ಕರೆಯಿರಿ. ಆರ್ಗ್ ಲೋಡ್ ಆದ ಕ್ಷಣದಲ್ಲಿ ಯಾರು ಯಾರನ್ನು ಕರೆದರು ಎಂಬ ಸರಪಳಿ ಪೂರ್ತಿ ಅಚ್ಚಾಗುತ್ತದೆ. ಅದನ್ನು ಕೆಳಗಿನವರೆಗೆ ಓದಿದರೆ ನಿಮ್ಮ ಇನಿಟ್ ಫೈಲಿನ ಯಾವ ಸಾಲಿನಿಂದ ಶುರುವಾಯಿತು ಅಂತ ಗೊತ್ತಾಗುತ್ತದೆ.

ಹಂತ 5: ಬೇಕಾದಾಗ ಮಾತ್ರ ಲೋಡ್ ಆಗಲಿ

ನಿಜವಾದ ಲಾಭ ಇರುವುದು ಇಲ್ಲಿ. ಇಲ್ಲಿ ಹೆಚ್ಚು ಹೊತ್ತು ಕೊಡಿ.

ಆಟೋಲೋಡ್ ಅಂದರೆ ಒಂದು ಗುರುತು ಚೀಟಿ. "ಈ ಹೆಸರಿನ ಫಂಕ್ಷನ್ ಇಂಥ ಫೈಲಿನಲ್ಲಿದೆ" ಅಂತ ಈಮ್ಯಾಕ್ಸ್‌ಗೆ ಗೊತ್ತಿರುತ್ತದೆ, ಫೈಲನ್ನು ಮಾತ್ರ ಓದಿರುವುದಿಲ್ಲ. ನೀವು ಮೊದಲ ಸಲ ಆ ಕಮಾಂಡ್ ಕೊಟ್ಟಾಗ ಫೈಲ್ ಲೋಡ್ ಆಗುತ್ತದೆ. ಚೆನ್ನಾಗಿ ಬರೆದ ಪ್ಯಾಕೇಜುಗಳಲ್ಲಿ ಈ ವ್ಯವಸ್ಥೆ ಮೊದಲೇ ಇರುತ್ತದೆ. ಹಾಗಾದರೆ ಅದನ್ನು ಕೆಡಿಸುವುದು ಏನು? ಹೆಚ್ಚಾಗಿ ನಾವೇ ಬರೆದ ರಿಕ್ವೈರ್ ಸಾಲು.

ಆ ಸಾಲು ಯಾಕೆ ಬಂದಿರುತ್ತದೆ ಅಂತ ಯೋಚಿಸಿ. ಆರ್ಗ್ ಮೋಡ್‌ನ ಕೀಮ್ಯಾಪಿಗೆ (ಯಾವ ಕೀಲಿಗೆ ಯಾವ ಕಮಾಂಡ್ ಎಂಬ ಪಟ್ಟಿ) ಒಂದು ಕೀಲಿ ಸೇರಿಸಬೇಕಿತ್ತು. ಕೀಮ್ಯಾಪ್ ಇನ್ನೂ ಇಲ್ಲ ಅಂತ ಎರರ್ ಬಂತು. ಮೇಲೆ ರಿಕ್ವೈರ್ ಆರ್ಗ್ ಹಾಕಿದ್ದೇ ಸರಿಹೋಯಿತು. ಒಂದು ಕೀಲಿಗಾಗಿ ಪೂರ್ತಿ ಆರ್ಗ್ ಪ್ರತಿ ಸಲ ಲೋಡ್. ಇಲ್ಲಿ ಬೇಕಿದ್ದದ್ದು ವಿತ್-ಇವಾಲ್-ಆಫ್ಟರ್-ಲೋಡ್. ಅದರೊಳಗೆ ಬರೆದದ್ದು ಆರ್ಗ್ ಯಾವಾಗ ಲೋಡ್ ಆಗುತ್ತದೋ ಆವಾಗ ಮಾತ್ರ ಓಡುತ್ತದೆ. ನಿಮ್ಮ ಫೈಲಿನ ರಿಕ್ವೈರ್ ಸಾಲುಗಳನ್ನೆಲ್ಲ ಒಮ್ಮೆ ಹುಡುಕಿ, ಒಂದೊಂದರ ಮುಂದೆಯೂ "ಇದು ಯಾಕೆ" ಅಂತ ಕೇಳಿ. ಹೆಚ್ಚಿನವಕ್ಕೆ ಉತ್ತರ ಇರುವುದಿಲ್ಲ. ಬರೀ ಸೆಟ್‌ಕ್ಯೂ ಮಾಡುವುದಿದ್ದರೆ ಇಷ್ಟೂ ಬೇಡ. ಲೋಡ್ ಆಗುವ ಮುಂಚೆಯೇ ವೇರಿಯಬಲ್‌ಗೆ ಬೆಲೆ ಕೊಡಬಹುದು, ಪ್ಯಾಕೇಜ್ ಬಂದಾಗ ಅದನ್ನು ಅಳಿಸುವುದಿಲ್ಲ. ಆದರೆ ಇರುವ ಪಟ್ಟಿಗೆ ಸೇರಿಸುವ ಕೆಲಸವಾದರೆ ಪಟ್ಟಿ ಮೊದಲು ಇರಬೇಕಲ್ಲ, ಅದನ್ನು ಒಳಗೇ ಇಡಿ.

ಯೂಸ್-ಪ್ಯಾಕೇಜ್‌ನಲ್ಲಿ ಇದೇ ಕೆಲಸವನ್ನು ಕೀವರ್ಡ್‌ಗಳು ಮಾಡುತ್ತವೆ. ಬೈಂಡ್, ಹುಕ್, ಮೋಡ್, ಕಮಾಂಡ್ಸ್ ಇವುಗಳಲ್ಲಿ ಯಾವುದನ್ನು ಬಳಸಿದರೂ ಪ್ಯಾಕೇಜ್ ಲೋಡ್ ಆಗುವುದು ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಡಿಫರ್ ಅಂತ ನೇರವಾಗಿಯೂ ಹೇಳಬಹುದು. ಡಿಫರ್‌ಗೆ ಸಂಖ್ಯೆ ಕೊಟ್ಟರೆ, ಉದಾಹರಣೆಗೆ 2, ಈಮ್ಯಾಕ್ಸ್ ಅಷ್ಟು ಸೆಕೆಂಡ್ ಸುಮ್ಮನಿದ್ದಾಗ ಲೋಡ್ ಮಾಡುತ್ತದೆ. ಹೇಗೂ ಬೇಕೇ ಬೇಕು, ಆದರೆ ತೆರೆದ ಕ್ಷಣಕ್ಕೆ ಬೇಡ ಅನ್ನುವ ಪ್ಯಾಕೇಜುಗಳಿಗೆ ಇದು ಹೇಳಿ ಮಾಡಿಸಿದ್ದು. ಡಿಮ್ಯಾಂಡ್ ಅಂದರೆ ಇದಕ್ಕೆ ತಿರುಗುಮುರುಗು, ಈಗಲೇ ಬೇಕು ಎಂದರ್ಥ.

ಇಲ್ಲಿ ಜನ ಎಡವುವ ಜಾಗಗಳು ಕೆಲವಿವೆ. ಹುಕ್ ಕೀವರ್ಡ್ ಬಳಸಿ ಆಫ್ಟರ್-ಇನಿಟ್‌ಗೆ ತಗುಲಿಸಿದರೆ ಕಾಗದದ ಮೇಲೆ ಅದು ಮುಂದೂಡಿದ ಪ್ಯಾಕೇಜ್, ನಿಜದಲ್ಲಿ ಮರುಕ್ಷಣವೇ ಲೋಡ್ ಆಗುತ್ತದೆ. ಇನಿಟ್ ಕೀವರ್ಡಿನ ಕೆಳಗೆ ಬರೆದದ್ದು ತಕ್ಷಣ ಓಡುತ್ತದೆ. ಅಲ್ಲಿ ಪ್ಯಾಕೇಜಿನ ಗ್ಲೋಬಲ್ ಮೋಡ್ ಆನ್ ಮಾಡಿದರೆ ಆಟೋಲೋಡ್ ಎಚ್ಚರಗೊಂಡು ಪೂರ್ತಿ ಫೈಲ್ ಬರುತ್ತದೆ, ಡಿಫರ್ ಬರೆದಿದ್ದರೂ ಸರಿಯೇ. ಅದನ್ನೇ ಕಾನ್ಫಿಗ್ ಕೀವರ್ಡಿನ ಕೆಳಗೆ ಹಾಕಿ ಡಿಫರ್ ಬರೆದರೆ ಉಲ್ಟಾ ಸಮಸ್ಯೆ: ಪ್ಯಾಕೇಜನ್ನು ಕರೆಯುವವರೇ ಇಲ್ಲ, ಮೋಡ್ ಆನ್ ಆಗುವುದೇ ಇಲ್ಲ. "ಯೂಸ್-ಪ್ಯಾಕೇಜ್ ಕೆಲಸ ಮಾಡುತ್ತಿಲ್ಲ" ಎಂಬ ದೂರುಗಳಲ್ಲಿ ಬಹಳಷ್ಟು ಇದೇ. ಯೂಸ್-ಪ್ಯಾಕೇಜ್-ಆಲ್ವೇಸ್-ಡಿಫರ್ ಅನ್ನು ಟಿ ಮಾಡಿದವರಿಗಂತೂ ಇದು ಮೇಲಿಂದ ಮೇಲೆ ಎದುರಾಗುತ್ತದೆ. ನಾನು ಆ ಆಯ್ಕೆಯನ್ನು ಹೊಸಬರಿಗೆ ಹೇಳುವುದಿಲ್ಲ. ಒಂದೊಂದು ಪ್ಯಾಕೇಜಿಗೂ ಯಾವಾಗ ಬೇಕು ಅಂತ ತಾವೇ ಬರೆಯುವುದು ಮೇಲು.

ಸ್ಕ್ರ್ಯಾಚ್ ಬಫರಿನ ಒಳಗುಟ್ಟು

ಎಲ್ಲ ಸರಿ ಮಾಡಿದ ಮೇಲೂ ಕೆಲವು ಪ್ಯಾಕೇಜುಗಳು ಶುರುವಿನಲ್ಲೇ ಲೋಡ್ ಆಗುತ್ತಿರುತ್ತವೆ. ಪ್ರಾಗ್-ಮೋಡ್-ಹುಕ್‌ಗೆ (ಕೋಡ್ ಬರೆಯುವ ಮೋಡ್‌ಗಳು ಓಡಿಸುವ ಹುಕ್) ಹಾಕಿದ್ದು, ಕೋಡ್ ಫೈಲ್ ಒಂದನ್ನೂ ತೆರೆದಿಲ್ಲ, ಆದರೂ ಬಂದಿವೆ. ಕಾರಣ ಸ್ಕ್ರ್ಯಾಚ್ ಬಫರ್. ಅದರ ಮೋಡ್ ಲಿಸ್ಪ್-ಇಂಟರಾಕ್ಷನ್-ಮೋಡ್. ಅದು ಈಮ್ಯಾಕ್ಸ್-ಲಿಸ್ಪ್-ಮೋಡ್‌ನ ಮಗು, ಆ ವಂಶ ಮೇಲೆ ಪ್ರಾಗ್-ಮೋಡ್‌ವರೆಗೆ ಹೋಗುತ್ತದೆ. ಹಾಗಾಗಿ ಆ ಬಫರ್ ಮೂಡಿದ ಕೂಡಲೇ ಪ್ರಾಗ್-ಮೋಡ್-ಹುಕ್ ಓಡುತ್ತದೆ. ಸಾಲಿನ ಸಂಖ್ಯೆ, ಬ್ರಾಕೆಟ್ ಬಣ್ಣ, ಸ್ನಿಪೆಟ್, ತಪ್ಪು ಹುಡುಕುವ ಪ್ಯಾಕೇಜ್, ಎಲ್ಲವೂ ಆ ಖಾಲಿ ಬಫರಿಗಾಗಿ ಎದ್ದು ಬರುತ್ತವೆ.

ಪರಿಹಾರ ಒಂದೇ ಸಾಲು. ಇನಿಶಿಯಲ್-ಮೇಜರ್-ಮೋಡ್‌ಗೆ ಫಂಡಮೆಂಟಲ್-ಮೋಡ್ ಕೊಡಿ. ಒಂದು ಸಾಲಿನ ಬದಲಾವಣೆಗೆ ಇಷ್ಟು ಫಲ ಕೊಡುವುದು ಇಡೀ ಕಾನ್ಫಿಗ್‌ನಲ್ಲಿ ಬೇರೆ ಇಲ್ಲ ಅನ್ನಿಸುತ್ತದೆ. ಸ್ಕ್ರ್ಯಾಚ್‌ನಲ್ಲಿ ಲಿಸ್ಪ್ ಬರೆದು ನೋಡುವ ಅಭ್ಯಾಸ ಇರುವವರು ಬೇಕಾದಾಗ ಎಂ-ಎಕ್ಸ್ ಲಿಸ್ಪ್-ಇಂಟರಾಕ್ಷನ್-ಮೋಡ್ ಕೊಟ್ಟುಕೊಂಡರಾಯಿತು.

ಹಂತ 6: ಅರ್ಲಿ-ಇನಿಟ್‌ನಲ್ಲಿ ಏನಿರಬೇಕು?

ಸ್ವಲ್ಪವೇ ಇರಬೇಕು. ಅದು ಓಡುವಾಗ ವಿಂಡೋ ಇಲ್ಲ, ಪ್ಯಾಕೇಜ್ ಇಲ್ಲ. ಈ ಎರಡಕ್ಕೂ ಮುಂಚೆ ಹೇಳಲೇಬೇಕಾದದ್ದು ಮಾತ್ರ ಅಲ್ಲಿ ಸಲ್ಲುತ್ತದೆ.

ಮೊದಲನೆಯದು ವಿಂಡೋ ಹೇಗೆ ಕಾಣಬೇಕು ಅನ್ನುವುದು. ಟೂಲ್‌ಬಾರ್ ಬೇಡದವರು ಇನಿಟ್.ಇಎಲ್‌ನಲ್ಲಿ ಟೂಲ್-ಬಾರ್-ಮೋಡ್ ಆಫ್ ಮಾಡುತ್ತಾರೆ. ಆಗ ಈಮ್ಯಾಕ್ಸ್ ಟೂಲ್‌ಬಾರನ್ನು ಒಮ್ಮೆ ಬಿಡಿಸಿ ಆಮೇಲೆ ಅಳಿಸುತ್ತದೆ. ಕಣ್ಣಿಗೆ ಮಿಂಚಿದಂತೆ ಕಾಣುತ್ತದೆ, ಸಮಯವೂ ಹೋಗುತ್ತದೆ. ಬದಲಿಗೆ ಅರ್ಲಿ-ಇನಿಟ್‌ನಲ್ಲಿ ಡೀಫಾಲ್ಟ್-ಫ್ರೇಮ್-ಅಲಿಸ್ಟ್ ಎಂಬ ಪಟ್ಟಿಗೆ ಟೂಲ್-ಬಾರ್-ಲೈನ್ಸ್ ಸೊನ್ನೆ, ಮೆನು-ಬಾರ್-ಲೈನ್ಸ್ ಸೊನ್ನೆ, ವರ್ಟಿಕಲ್-ಸ್ಕ್ರೋಲ್-ಬಾರ್ಸ್ ನಿಲ್ (ಲಿಸ್ಪ್‌ನಲ್ಲಿ "ಇಲ್ಲ") ಅಂತ ಸೇರಿಸಿದರೆ ಅವು ಮೂಡುವುದೇ ಇಲ್ಲ. ಫಾಂಟ್ ಕೂಡ ಇಲ್ಲೇ ಹೇಳಿಬಿಡಿ. ಫ್ರೇಮ್-ಇನ್‌ಹಿಬಿಟ್-ಇಂಪ್ಲೈಡ್-ರೀಸೈಜ್‌ಗೆ ಟಿ ಕೊಟ್ಟರೆ ಫಾಂಟ್ ಬದಲಾದಾಗಲೆಲ್ಲ ವಿಂಡೋ ಅಳತೆ ಬದಲಾಯಿಸಿಕೊಳ್ಳುವುದು ನಿಲ್ಲುತ್ತದೆ.

ಎರಡನೆಯದು ಪ್ಯಾಕೇಜ್-ಕ್ವಿಕ್‌ಸ್ಟಾರ್ಟ್. ಪ್ಯಾಕೇಜುಗಳು ನೂರು ಇದ್ದರೆ ಆಕ್ಟಿವೇಟ್ ಮಾಡುವಾಗ ನೂರು ಆಟೋಲೋಡ್ ಫೈಲ್ ಓದಬೇಕು. ಈ ವೇರಿಯಬಲ್‌ಗೆ ಟಿ ಕೊಟ್ಟು ಎಂ-ಎಕ್ಸ್ ಪ್ಯಾಕೇಜ್-ಕ್ವಿಕ್‌ಸ್ಟಾರ್ಟ್-ರಿಫ್ರೆಶ್ ಮಾಡಿದರೆ ಎಲ್ಲವೂ ಸೇರಿ ಒಂದೇ ಫೈಲ್ ಆಗುತ್ತದೆ. ಆಕ್ಟಿವೇಟ್ ಆಗುವುದು ಇನಿಟ್.ಇಎಲ್‌ಗಿಂತ ಮುಂಚೆ, ಅದಕ್ಕೇ ಈ ಸಾಲು ಅರ್ಲಿ-ಇನಿಟ್‌ನಲ್ಲೇ ಇರಬೇಕು. ಪ್ಯಾಕೇಜ್ ಫೋಲ್ಡರನ್ನು ಕೈಯಾರೆ ಅಳಿಸಿದರೆ ಅಥವಾ ಬದಲಿಸಿದರೆ ಮತ್ತೆ ರಿಫ್ರೆಶ್ ಮಾಡಿ, ಇಲ್ಲದಿದ್ದರೆ ಇಲ್ಲದ ಫೈಲನ್ನು ಹುಡುಕುತ್ತದೆ. ಸ್ಟ್ರೇಟ್, ಎಲ್ಪಾಕಾದಂಥ ಬೇರೆ ಪ್ಯಾಕೇಜ್ ಮ್ಯಾನೇಜರ್ ಬಳಸುವವರಿಗೆ ಇದು ಬೇಡ. ಅವರು ಪ್ಯಾಕೇಜ್-ಎನೇಬಲ್-ಅಟ್-ಸ್ಟಾರ್ಟಪ್‌ಗೆ ನಿಲ್ ಕೊಡಬೇಕು.

ಕೆಲವರು ಇಡೀ ಇನಿಟ್.ಇಎಲ್ ಅನ್ನು ಅರ್ಲಿ-ಇನಿಟ್‌ಗೆ ಸುರಿಯುತ್ತಾರೆ. "ಅರ್ಲಿ" ಅಂದ ಮಾತ್ರಕ್ಕೆ ಬೇಗ ಮುಗಿಯುವುದಿಲ್ಲ. ಪರದೆಯನ್ನು ಕೇಳುವ ಫಂಕ್ಷನ್‌ಗಳು ಅಲ್ಲಿ ತಪ್ಪು ಉತ್ತರ ಕೊಡುತ್ತವೆ ಅಷ್ಟೇ.

ಹಂತ 7: ಗಾರ್ಬೇಜ್ ಕಲೆಕ್ಷನ್, ಎಲ್ಲರೂ ಮೊದಲು ಹೇಳುವುದನ್ನು ಈಗ ನೋಡೋಣ

ಲಿಸ್ಪ್ ಬಳಸಿ ಬಿಟ್ಟ ಮೆಮೊರಿಯನ್ನು ಈಮ್ಯಾಕ್ಸ್ ಆಗಾಗ ನಿಂತು ಗುಡಿಸುತ್ತದೆ. ಎಷ್ಟು ಬೈಟ್ ಬಳಸಿದ ಮೇಲೆ ಗುಡಿಸಬೇಕು ಅನ್ನುವುದು ಜಿಸಿ-ಕಾನ್ಸ್-ತ್ರೆಶೋಲ್ಡ್‌ನಲ್ಲಿದೆ. 64 ಬಿಟ್ ಯಂತ್ರದಲ್ಲಿ ಬಹುಕಾಲದಿಂದ ಇರುವ ಬೆಲೆ 8 ಲಕ್ಷ ಬೈಟ್, ಇವತ್ತಿಗೆ ಬಹಳ ಕಡಿಮೆ. ಶುರುವಿನಲ್ಲಿ ಮಿತಿ ಏರಿಸಿದರೆ ಗುಡಿಸುವುದು ನಿಲ್ಲುತ್ತದೆ.

ಎಷ್ಟು ಉಳಿಯುತ್ತದೆ? ಊಹೆ ಬೇಡ. ತೆರೆದ ಕೂಡಲೇ ಜಿಸಿ-ಎಲಾಪ್ಸ್ಡ್ ವೇರಿಯಬಲ್ ನೋಡಿ. ಗುಡಿಸಲು ಒಟ್ಟು ಎಷ್ಟು ಸೆಕೆಂಡ್ ಹೋಯಿತು ಅಂತ ಅಲ್ಲಿದೆ. ಎಷ್ಟು ಸಲ ಅನ್ನುವುದು ಜಿಸಿಎಸ್-ಡನ್‌ನಲ್ಲಿದೆ. ನಾಲ್ಕು ಸೆಕೆಂಡಿನ ಶುರುವಿನಲ್ಲಿ ಜಿಸಿ-ಎಲಾಪ್ಸ್ಡ್ 0.4 ಅಂತಿದ್ದರೆ ಈ ಉಪಾಯದಿಂದ ಹೆಚ್ಚೆಂದರೆ 0.4 ಸೆಕೆಂಡ್ ಸಿಗುತ್ತದೆ, ಒಂದು ಗುಲಗಂಜಿಯೂ ಹೆಚ್ಚಿಲ್ಲ. ಪ್ಯಾಕೇಜುಗಳನ್ನು ಮುಂದೂಡಿದ ಮೇಲಂತೂ ಇದೂ ತಾನಾಗಿ ಇಳಿದಿರುತ್ತದೆ.

ಆದರೂ ಮಾಡಬಹುದು, ಖರ್ಚಿಲ್ಲ. ಅರ್ಲಿ-ಇನಿಟ್‌ನ ಮೊದಲ ಸಾಲಿನಲ್ಲಿ ಮಿತಿಯನ್ನು ಮೋಸ್ಟ್-ಪಾಸಿಟಿವ್-ಫಿಕ್ಸ್‌ನಮ್‌ಗೆ ಏರಿಸಿ. ಈಮ್ಯಾಕ್ಸ್-ಸ್ಟಾರ್ಟಪ್-ಹುಕ್‌ನಲ್ಲಿ 16 ಮೆಗಾಬೈಟ್ ಆಸುಪಾಸಿಗೆ ಇಳಿಸಿ. ಇಳಿಸುವುದನ್ನು ಮರೆಯಬೇಡಿ. ಮಿತಿ ಮೇಲೇ ಉಳಿದರೆ ಮೆಮೊರಿ ತುಂಬುತ್ತಾ ಹೋಗುತ್ತದೆ. ಮಿತಿಯನ್ನು ತೀರಾ ದೊಡ್ಡದಾಗಿಯೇ ಬಿಟ್ಟರೂ ಕಷ್ಟ: ಕೊನೆಗೊಮ್ಮೆ ಗುಡಿಸಲು ಕೂತಾಗ ನೀವು ಟೈಪ್ ಮಾಡುತ್ತಿರುವಾಗಲೇ ಎಡಿಟರ್ ಸ್ತಬ್ಧವಾಗುತ್ತದೆ.

ಇದರ ಜೊತೆಗೆ ಸುತ್ತಾಡುವ ಇನ್ನೊಂದು ಉಪಾಯ ಫೈಲ್-ನೇಮ್-ಹ್ಯಾಂಡ್ಲರ್-ಅಲಿಸ್ಟ್ ಅನ್ನು ಶುರುವಿನಲ್ಲಿ ನಿಲ್ ಮಾಡುವುದು. ಪ್ರತಿ ಫೈಲ್ ತೆರೆಯುವಾಗಲೂ ಅದರ ಹೆಸರನ್ನು ಈ ಪಟ್ಟಿಯ ಮಾದರಿಗಳ ಜೊತೆ ಹೋಲಿಸಿ ನೋಡುತ್ತದೆ, ಅದು ತಪ್ಪುತ್ತದೆ. ಉಳಿತಾಯ ಚಿಕ್ಕದು, ಅಪಾಯ ಅದಕ್ಕಿಂತ ದೊಡ್ಡದು. ಜಿಜಿಪ್ ಮಾಡಿದ ಫೈಲನ್ನು ಬಿಚ್ಚುವುದು ಈ ಪಟ್ಟಿಯಿಂದಲೇ. ಪಟ್ಟಿಯನ್ನು ವಾಪಸ್ ಇಡುವಾಗ ನಡುವೆ ಪ್ಯಾಕೇಜುಗಳು ಸೇರಿಸಿದ್ದನ್ನು ಅಳಿಸಿಬಿಡುವ ಕಾನ್ಫಿಗ್‌ಗಳು ಬಹಳ. ಮಾಡಲೇಬೇಕು ಅಂತಿದ್ದರೆ ಹಳೆಯದು ಹೊಸದು ಎರಡನ್ನೂ ಅಪೆಂಡ್ ಮಾಡಿ ಇಡಿ. ನನ್ನ ಕೇಳಿದರೆ ಬೇಡ.

ಹಂತ 8: ಹೊರಗಿನವರಿಗಾಗಿ ಕಾಯಬೇಡಿ

ನೆಟ್‌ವರ್ಕ್ ಮತ್ತು ಶೆಲ್, ಎರಡೂ ನಿಮ್ಮ ಹಿಡಿತದಲ್ಲಿಲ್ಲ. ಪ್ಯಾಕೇಜ್-ರಿಫ್ರೆಶ್-ಕಂಟೆಂಟ್ಸ್ ಇನಿಟ್ ಫೈಲಿನಲ್ಲಿ ಷರತ್ತಿಲ್ಲದೆ ಇದ್ದರೆ ಈಮ್ಯಾಕ್ಸ್ ತೆರೆದಾಗಲೆಲ್ಲ ಪ್ಯಾಕೇಜ್ ಪಟ್ಟಿಗಳನ್ನು ಡೌನ್‌ಲೋಡ್ ಮಾಡುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ಇನ್ನೂ ಕಷ್ಟ. ಪ್ಯಾಕೇಜ್-ಆರ್ಕೈವ್-ಕಂಟೆಂಟ್ಸ್ ಖಾಲಿ ಇದ್ದಾಗ ಮಾತ್ರ ಅಂತ ಷರತ್ತು ಹಾಕಿ.

ಮ್ಯಾಕ್ ಬಳಸುವವರ ಕಾನ್ಫಿಗ್‌ನಲ್ಲಿ ಎಕ್ಸೆಕ್-ಪಾತ್-ಫ್ರಮ್-ಶೆಲ್ ಇದ್ದೇ ಇರುತ್ತದೆ, ಯಾಕೆಂದರೆ ಐಕಾನ್ ಒತ್ತಿ ತೆರೆದ ಆ್ಯಪ್‌ಗೆ ನಿಮ್ಮ ಶೆಲ್‌ನ ಪಾತ್ (ಪ್ರೋಗ್ರಾಮ್‌ಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಗೊತ್ತಿರುವುದಿಲ್ಲ. ಅದು ಒಂದು ಶೆಲ್ ತೆರೆದು ಕೇಳುತ್ತದೆ. ನಿಮ್ಮ ಶೆಲ್ ತೆರೆಯಲು ಒಂದು ಸೆಕೆಂಡ್ ಹಿಡಿದರೆ ಈಮ್ಯಾಕ್ಸೂ ಅಷ್ಟು ಹೊತ್ತು ಕಾಯುತ್ತದೆ. ಎಕ್ಸೆಕ್-ಪಾತ್-ಫ್ರಮ್-ಶೆಲ್-ಆರ್ಗ್ಯುಮೆಂಟ್ಸ್‌ನಿಂದ -ಐ ತೆಗೆದರೆ ಇಂಟರಾಕ್ಟಿವ್ ಶೆಲ್‌ನ ಅಲಂಕಾರಗಳೆಲ್ಲ ಲೋಡ್ ಆಗುವುದಿಲ್ಲ. ಪಾತ್ ಸೆಟ್ಟಿಂಗನ್ನು ಮಾತ್ರ ಲಾಗಿನ್ ಸಮಯದ ಶೆಲ್ ಫೈಲಿಗೆ ಸರಿಸಿರಬೇಕು.

ಇನಿಟ್ ಫೈಲನ್ನು ಆರ್ಗ್‌ನಲ್ಲಿ ಬರೆಯುವವರಿಗೆ

ವಿವರಣೆ ಸಮೇತ ಕಾನ್ಫಿಗ್ ಬರೆಯಲು ಆರ್ಗ್ ಚೆಂದ, ನಿಜ. ಆದರೆ ಇನಿಟ್.ಇಎಲ್‌ನಲ್ಲಿ ಆರ್ಗ್-ಬೇಬಲ್-ಲೋಡ್-ಫೈಲ್ ಅಂತ ಬರೆದರೆ ಆ ಫಂಕ್ಷನ್ ಆರ್ಗ್‌ನದ್ದೇ ಆದ್ದರಿಂದ ಪೂರ್ತಿ ಆರ್ಗ್ ಮೊದಲು ಲೋಡ್ ಆಗುತ್ತದೆ. ಆರ್ಗ್ ಅನ್ನು ಮುಂದೂಡಲು ಐದನೆಯ ಹಂತದಲ್ಲಿ ಪಟ್ಟ ಪಾಡೆಲ್ಲ ನೀರುಪಾಲು. ಆರ್ಗ್ ಫೈಲನ್ನು ಸೇವ್ ಮಾಡಿದಾಗಲೇ ಅದರೊಳಗಿನ ಕೋಡ್ ತುಣುಕುಗಳನ್ನು ಬೇರೆ ತೆಗೆಯುವ ಆರ್ಗ್-ಬೇಬಲ್-ಟ್ಯಾಂಗಲ್ ಓಡಿಸಿ ಇನಿಟ್.ಇಎಲ್ ತಯಾರಿಸಿಕೊಳ್ಳಿ. ಶುರುವಿನಲ್ಲಿ ಈಮ್ಯಾಕ್ಸ್ ಬರಿಯ ಲಿಸ್ಪ್ ಓದಲಿ.

ಹಂತ 9: ಕಂಪೈಲ್ ಮಾಡಿದ ಫೈಲುಗಳು

ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವಾಗಲೇ ಬೈಟ್-ಕಂಪೈಲ್ ಆಗಿ .ಇಎಲ್‌ಸಿ ಫೈಲುಗಳಾಗುತ್ತವೆ. ನಿಮ್ಮ ಇನಿಟ್ ಫೈಲನ್ನೂ ಹಾಗೆ ಮಾಡಬೇಕಾ? ಅದರಲ್ಲಿ ಇರುವುದು ಹೆಚ್ಚಾಗಿ ಒಮ್ಮೆ ಓಡಿ ಮುಗಿಯುವ ಸಾಲುಗಳು, ಉಳಿತಾಯ ಅಷ್ಟಕ್ಕಷ್ಟೇ. ತಲೆನೋವು ಮಾತ್ರ ಖಾತ್ರಿ: .ಇಎಲ್ ತಿದ್ದಿ ಕಂಪೈಲ್ ಮಾಡಲು ಮರೆತರೆ ಹಳೆಯ .ಇಎಲ್‌ಸಿ ಲೋಡ್ ಆಗುತ್ತದೆ. ನಿಮ್ಮದೇ ಲಿಸ್ಪ್ ಫೈಲುಗಳನ್ನು ಕಂಪೈಲ್ ಮಾಡಿ ಇಟ್ಟಿದ್ದರೆ ಲೋಡ್-ಪ್ರಿಫರ್-ನ್ಯೂಯರ್‌ಗೆ ಟಿ ಕೊಟ್ಟಿರಿ, ಎರಡರಲ್ಲಿ ಹೊಸದು ಯಾವುದೋ ಅದನ್ನು ಆರಿಸಿಕೊಳ್ಳುತ್ತದೆ.

ನೇಟಿವ್ ಕಂಪೈಲ್ 2022ರ 28.1ರಲ್ಲಿ ಬಂತು, 2025ರ 30.1ರಿಂದ ಈಮ್ಯಾಕ್ಸ್ ತಯಾರಿಸುವಾಗ ತಾನಾಗಿಯೇ ಸೇರಿಕೊಳ್ಳುತ್ತದೆ. ಪ್ಯಾಕೇಜ್ ಮೊದಲ ಸಲ ಲೋಡ್ ಆದಾಗ ಹಿನ್ನೆಲೆಯಲ್ಲಿ ಯಂತ್ರದ ಭಾಷೆಗೆ ಅನುವಾದಿಸಿ ಇಎಲ್‌ಎನ್-ಕ್ಯಾಶ್ ಫೋಲ್ಡರಿನಲ್ಲಿ ಇಡುತ್ತದೆ. ಹಾಗಾಗಿ ಹೊಸ ಆವೃತ್ತಿ ಹಾಕಿದ ಮೇಲೆ ಮೊದಲ ಕೆಲವು ನಿಮಿಷ ಸಿಪಿಯು ಬಿಸಿಯಾಗುತ್ತದೆ. ಆಗ ಅಳತೆ ಮಾಡಿ ಗಾಬರಿಯಾಗಬೇಡಿ. ಇದರ ಲಾಭ ಇರುವುದು ಕೆಲಸ ಮಾಡುವಾಗಿನ ವೇಗದಲ್ಲಿ, ಶುರುವಿನಲ್ಲಿ ಅಷ್ಟಾಗಿ ಅಲ್ಲ. ಹಳೆಯ ಆವೃತ್ತಿಗಳ ಫೈಲುಗಳು ಆ ಫೋಲ್ಡರಿನಲ್ಲಿ ಉಳಿದಿರುತ್ತವೆ. 29ರಿಂದ ಇರುವ ನೇಟಿವ್-ಕಂಪೈಲ್-ಪ್ರೂನ್-ಕ್ಯಾಶ್ ಕಮಾಂಡ್ ಅವನ್ನು ಅಳಿಸುತ್ತದೆ.

ಹಂತ 10: ಡೀಮನ್, ಮತ್ತು ಅದರ ಒಂದು ಕಿರಿಕಿರಿ

ಇಷ್ಟೆಲ್ಲ ಮಾಡಿದ ಮೇಲೂ ಕಾಯಲು ಮನಸ್ಸಿಲ್ಲದಿದ್ದರೆ ಈಮ್ಯಾಕ್ಸನ್ನು ಮುಚ್ಚದೇ ಇರುವುದು ಒಂದು ದಾರಿ. ಲಾಗಿನ್ ಆದಾಗ --ಡೀಮನ್ ಆಯ್ಕೆಯೊಂದಿಗೆ ಒಮ್ಮೆ ಶುರು ಮಾಡಿ, ಅದು ವಿಂಡೋ ಇಲ್ಲದೆ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಆಮೇಲೆ ಈಮ್ಯಾಕ್ಸ್‌ಕ್ಲೈಂಟ್ -ಸಿ ಕೊಟ್ಟಾಗಲೆಲ್ಲ ಹೊಸ ವಿಂಡೋ ಕೂಡಲೇ ಬರುತ್ತದೆ. -ಎ ಮುಂದೆ ಖಾಲಿ ಉದ್ಧರಣ ಚಿಹ್ನೆ ಕೊಟ್ಟರೆ ಡೀಮನ್ ಇಲ್ಲದಿದ್ದಾಗ ತಾನೇ ಶುರು ಮಾಡಿಕೊಳ್ಳುತ್ತದೆ.

ಡೀಮನ್ ಇನಿಟ್ ಫೈಲ್ ಓದುವಾಗ ಪರದೆ ಇರುವುದಿಲ್ಲ. ಡಿಸ್‌ಪ್ಲೇ-ಗ್ರಾಫಿಕ್-ಪಿ ಆಗ ನಿಲ್ ಕೊಡುತ್ತದೆ. ಅದನ್ನು ನೋಡಿ ಫಾಂಟ್, ಥೀಮ್ ಆರಿಸುವ ಸಾಲುಗಳೆಲ್ಲ ತಪ್ಪು ದಾರಿ ಹಿಡಿಯುತ್ತವೆ, ವಿಂಡೋ ಬೋಳಾಗಿ ಬರುತ್ತದೆ. ಅಂಥ ಸಾಲುಗಳನ್ನು ಒಂದು ಫಂಕ್ಷನ್‌ಗೆ ಹಾಕಿ ಸರ್ವರ್-ಆಫ್ಟರ್-ಮೇಕ್-ಫ್ರೇಮ್-ಹುಕ್‌ಗೆ ಸೇರಿಸಿ.

ಇನಿಟ್ ಫೈಲ್ ತಿದ್ದಿದ ದಿನ ಮಾತ್ರ ಡೀಮನ್ ಅನ್ನು ನಂಬಿ ಕೂರಬೇಡಿ. ಅದು ಬೆಳಿಗ್ಗೆ ಓದಿದ ಹಳೆಯ ಕಾನ್ಫಿಗ್‌ನಲ್ಲೇ ಇರುತ್ತದೆ, ತಪ್ಪಿದ್ದರೆ ಮುಂದಿನ ಲಾಗಿನ್‌ವರೆಗೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ --ಡಿಬಗ್-ಇನಿಟ್ ಆಯ್ಕೆಯೊಂದಿಗೆ ಬೇರೊಂದು ಈಮ್ಯಾಕ್ಸ್ ತೆರೆದರೆ ಎರರ್ ಬಂದ ಜಾಗದಲ್ಲೇ ನಿಂತು ತೋರಿಸುತ್ತದೆ. ಕಾನ್ಫಿಗ್ ಪೂರ್ತಿ ಹೊಸದಾಗಿ ಬರೆದು ನೋಡುವ ಆಸೆ ಇದ್ದರೆ 29ರಿಂದ --ಇನಿಟ್-ಡೈರೆಕ್ಟರಿ ಆಯ್ಕೆ ಇದೆ. ಖಾಲಿ ಫೋಲ್ಡರ್ ಒಂದನ್ನು ಅದಕ್ಕೆ ಕೊಟ್ಟು ಅಲ್ಲಿ ಕಟ್ಟುತ್ತಾ ಹೋಗಬಹುದು, ಹಳೆಯದು ತನ್ನ ಪಾಡಿಗೆ ತಾನಿರುತ್ತದೆ.